ಬನ್ಯುಲ್ಸ್‌ನಿಂದ ಪೋರ್ಟ್‌ಬೊಗೆ ಗುಡ್ಡ ದಾಟಿ ನಡೆಯೋ ದಾರಿ, ವಯಸ್ಸಾದೋರನ್ನ ಕರ್ಕೊಂಡ್ ಹೋಗ್ಬೋದಾ?

ಗಿರಿನಗರ_ಹುಡುಗ:

ಎಲ್ರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೇಲಿ ಆಫೀಸ್ ಕೆಲ್ಸದ ಮೇಲೆ ಬಾರ್ಸಿಲೋನಾಗೆ ಹೋಗ್ತಿದೀನಿ, ಈ ಸಲ ಅಪ್ಪನ್ನೂ ಕರ್ಕೊಂಡು ಹೋಗೋಣ ಅಂತ. ಅಪ್ಪ ಕಾಲೇಜಲ್ಲಿ ಮೇಷ್ಟ್ರಾಗಿದ್ದೋರು, ಈಗ ರಿಟೈರ್ಡ್. ಬಾರ್ಸಿಲೋನಾ ಅಂದ್ರೆ ಎಲ್ರೂ ಚರ್ಚು, ಫುಟ್ಬಾಲ್ ಸ್ಟೇಡಿಯಂ ಅಂತಾರೆ, ನಮ್ಮಪ್ಪ ಮ್ಯಾಪ್ ಹಿಡ್ಕೊಂಡು ಕೂತು ವಾಲ್ಟರ್ ಬೆಂಜಮಿನ್ (ನಾಜಿಗಳಿಂದ ತಪ್ಪಿಸಿಕೊಂಡು ಓಡಿದ ಜರ್ಮನ್ ಯಹೂದಿ ಚಿಂತಕ) ಸತ್ತ ಊರು ಅಲ್ಲಿಂದ ಎಷ್ಟು ದೂರ ಅಂತ ಕೇಳ್ತಿದಾರೆ. ಊರು ಪೋರ್ಟ್‌ಬೊ, ಸ್ಪೇನ್ ಬಾರ್ಡರ್‌ನಲ್ಲೇ ಇದೆ, ಪಿರೆನೀಸ್ ಬೆಟ್ಟದ ಸಾಲು ಸಮುದ್ರಕ್ಕೆ ಬಂದು ಬೀಳೋ ಜಾಗ. ಆತ 1940ರಲ್ಲಿ ಫ್ರಾನ್ಸ್ ಕಡೆಯ ಬನ್ಯುಲ್ಸ್‌ನಿಂದ ಗುಡ್ಡ ಹತ್ತಿ ಬಂದ ದಾರೀನ ಈಗ ಟ್ರೆಕ್ಕಿಂಗ್ ರೂಟ್ ಮಾಡಿ ಬೋರ್ಡ್ ಹಾಕಿದಾರಂತೆ. ಅಪ್ಪಂಗೆ ಅದನ್ನೇ ನಡೀಬೇಕು.

ನನ್ನ ಪ್ರಾಬ್ಲಮ್ ಏನಂದ್ರೆ ಅವ್ರಿಗೆ ಹಿಂದೆ ಸ್ಟೆಂಟ್ ಹಾಕಿದಾರೆ. ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಎರಡು ರೌಂಡು ಆರಾಮಾಗಿ ಹಾಕ್ತಾರೆ, ಬಂಡೆ ಮೇಲೂ ಹತ್ತುತಾರೆ. ನೆಟ್‌ನಲ್ಲಿ ನೋಡಿದ್ರೆ ಪಾಸ್‌ನ (ಗುಡ್ಡದ ಸಾಲು ದಾಟೋ ಘಾಟಿ) ಎತ್ತರ 540 ಮೀಟರ್ ಆಸುಪಾಸು ಅಂತ ಇದೆ, ಅಷ್ಟೇನಾ ಅನ್ಸುತ್ತೆ. ಸಮುದ್ರದ ಪಕ್ಕದಲ್ಲೇ ಇನ್ನೊಂದು ಪಾಸ್ ಇದೆ, ಬೆಲೀತ್ರೆಸ್ ಅಂತ, ಬರೀ 165 ಮೀಟರು, ಅಲ್ಲಿ ಟಾರ್ ರೋಡೇ ಇದೆ. ಯಾವುದು ಮಾಡ್ಲಿ? ಆಮೇಲೆ ಹಿಂಗೆ ದೇಶದಿಂದ ದೇಶಕ್ಕೆ ಕಾಲ್ನಡಿಗೇಲಿ ದಾಟಿದ್ರೆ ನಮ್ಮ ವೀಸಾಗೆ ಏನಾದ್ರೂ ತೊಂದ್ರೆ ಆಗುತ್ತಾ? ಹೋಗಿಬಂದೋರು ಯಾರಾದ್ರೂ ಇದ್ರೆ ಹೇಳಿ.


ಮೆಜೆಸ್ಟಿಕ್_ಮಂಜ:

ಗುರು 540 ಮೀಟರ್‌ಗೆಲ್ಲಾ ಥ್ರೆಡ್ಡಾ 😄 ನಮ್ಮ ಮೆಜೆಸ್ಟಿಕ್ ಬಸ್ ಸ್ಟ್ಯಾಂಡೇ ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ. ನಿಮ್ಮಪ್ಪ ದಿನಾ ಮನೇಲಿ ಕೂತ್ಕೊಂಡೇ ಆ ಪಾಸ್‌ಗಿಂತ ಎತ್ತರದಲ್ಲಿ ಕಾಫಿ ಕುಡೀತಿದಾರೆ. ಕರ್ಕೊಂಡ್ ಹೋಗಿ, ಏನೂ ಆಗಲ್ಲ.


ಚಾರಣ_ಚಪಲ:

ಮಂಜ ಅವ್ರೆ ಜೋಕ್ ಓಕೆ, ಆದ್ರೆ ಇದನ್ನೇ ನಂಬ್ಕೊಂಡು ಹೋದ್ರೆ ಕಷ್ಟ. ಬೆಂಗಳೂರು ಎತ್ತರದಲ್ಲಿದೆ ನಿಜ, ಆದ್ರೆ ನಾವು ಇಲ್ಲಿ ಹತ್ತೋದು ನೆಲದಿಂದ ಬೆಟ್ಟಕ್ಕೆ ಇರೋ ವ್ಯತ್ಯಾಸ ಅಷ್ಟೇ. ಬನ್ಯುಲ್ಸ್‌ನಲ್ಲಿ ನೀವು ಶುರು ಮಾಡೋದು ಬೀಚಿಂದ, ಅಂದ್ರೆ ಸೊನ್ನೆಯಿಂದ. ಆ 540ರಲ್ಲಿ ಒಂದು ಮೀಟರೂ ಫ್ರೀ ಸಿಗಲ್ಲ, ಪೂರ್ತಿ ಹತ್ತಬೇಕು, ಹತ್ತಿದ್ದನ್ನ ಪೂರ್ತಿ ಇಳೀಬೇಕು, ಯಾಕಂದ್ರೆ ಪೋರ್ಟ್‌ಬೊನೂ ಸಮುದ್ರದ ದಂಡೇಲೇ ಇದೆ. ನಾನು ಈ ದಾರಿ ನಡೆದಿದೀನಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಬನ್ಯುಲ್ಸ್ ಬೀಚಿಂದ ಒಳಗೆ ಪುಯ್ಗ್ ದೆಲ್ ಮಾಸ್ ಅಂತ ಹಳೇ ಕೇರಿ, ಅಲ್ಲೀವರೆಗೂ ಊರೊಳಗಿನ ವಾಕಿಂಗ್ ಥರಾನೇ. ಅಲ್ಲಿಂದ ದ್ರಾಕ್ಷಿ ತೋಟ ಶುರು. ನಮ್ಮ ದೊಡ್ಡಬಳ್ಳಾಪುರ ಕಡೆ ಚಪ್ಪರ ಹಾಕಿ ಬೆಳೆಸೋ ದ್ರಾಕ್ಷಿ ನೋಡಿದೋರಿಗೆ ಇದು ದ್ರಾಕ್ಷಿ ಅಂತಾನೇ ಅನ್ಸಲ್ಲ, ಮೊಳಕಾಲುದ್ದದ ಮೊಂಡು ಗಿಡಗಳು, ಚಪ್ಪರ ಇಲ್ಲ, ನೀರಿಲ್ಲ, ಬರೀ ಪದರ ಪದರವಾಗಿ ಒಡೆಯೋ ಕಂದು ಕಲ್ಲು. ಇಡೀ ಗುಡ್ಡಕ್ಕೆ ಮೆಟ್ಟಿಲು ಕಟ್ಟಿದ ಹಾಗೆ ಗಾರೆ ಇಲ್ಲದ ಕಲ್ಲುಗೋಡೆಗಳು, ಮಧ್ಯೆ ಮಧ್ಯೆ ಓರೆಯಾಗಿ ಒಂದನ್ನೊಂದು ಕತ್ತರಿಸೋ ಕಲ್ಲಿನ ಚರಂಡಿ. ಅದಕ್ಕೆ ಅಲ್ಲಿಯೋರು ಹುಂಜದ ಕಾಲು ಅಂತಾರೆ, ಮೇಲಿಂದ ನೋಡಿದ್ರೆ ಹಂಗೇ ಕಾಣುತ್ತೆ. ಮಳೆ ಬಂದ್ರೆ ಅಲ್ಲಿ ಒಂದೇ ಸಲ ಸುರಿಯುತ್ತೆ, ಈ ಚರಂಡಿ ಇಲ್ಲ ಅಂದ್ರೆ ಮಣ್ಣೆಲ್ಲಾ ಸೀದಾ ಸಮುದ್ರಕ್ಕೆ. ನಂಗಂತೂ ಪಾಸ್‌ಗಿಂತ ಈ ತೋಟಗಳೇ ಜಾಸ್ತಿ ಇಷ್ಟ ಆಗಿದ್ದು, ಟ್ರೆಕ್ಕಿಂಗ್ ಬ್ಲಾಗ್ ಬರೆಯೋರು ಇದನ್ನ ಒಂದು ಲೈನಲ್ಲಿ ಮುಗಿಸ್ತಾರೆ, ಪಾಪ ಇಳಿಜಾರು ಎಷ್ಟಿದೆ ಅಂದ್ರೆ ಟ್ರಾಕ್ಟರ್ ಹೋಗಲ್ಲ, ಇವತ್ತಿಗೂ ಬಹಳ ಕಡೆ ಕೈಯಲ್ಲೇ ಕೊಯ್ಲು ಮಾಡಿ ಹೊತ್ಕೊಂಡೇ ಇಳಿಸ್ತಾರೆ.

ತೋಟ ಮುಗಿದ ಮೇಲೆ ದಾರಿ ಕಡಿದು. ಒಂದಿಷ್ಟು ಪೈನ್ ಮರ, ಆಮೇಲೆ ಮುಳ್ಳುಪೊದೆ, ನೆರಳು ಅಷ್ಟಕ್ಕಷ್ಟೇ. ದಾರೀಲಿ ಕುಡಿಯೋ ನೀರು ಸಿಗುತ್ತೆ ಅಂತ ನೆಚ್ಕೋಬೇಡಿ, ಒಬ್ಬೊಬ್ರಿಗೆ ಕನಿಷ್ಠ ಎರಡು ಲೀಟರ್ ಬೇಕೇ ಬೇಕು. ಮೇಲೆ ನಿಂತ್ರೆ ಹಿಂದೆ ಫ್ರಾನ್ಸ್ ಕಡಲು, ಮುಂದೆ ಸ್ಪೇನ್ ಕಡಲು, ಎರಡೂ ಒಂದೇ ಕಡಲು ಬಿಡಿ. ಆದ್ರೆ ನೀವು ಹೆದರಬೇಕಾದ್ದು ಇಳಿಯೋದಕ್ಕೆ. ಪೋರ್ಟ್‌ಬೊ ಕಡೆ ಸಡಿಲ ಕಲ್ಲು, ಹೆಂಚಿನ ಚೂರು ಹರಡಿದ ಹಾಗೆ ಜಾರುತ್ತೆ, ಮಂಡಿ ನೋವಿರೋರಿಗೆ ನರಕ. ಒಟ್ಟು 15 ಕಿಲೋಮೀಟರ್ ಮೇಲಾಗುತ್ತೆ, ಗಟ್ಟಿಯಾಗಿರೋರಿಗೇ ಐದಾರು ಗಂಟೆ, ಅಪ್ಪನ ಜೊತೆ ಅಂದ್ರೆ ಇಡೀ ದಿನ. ಲಾಲ್‌ಬಾಗ್ ಬಂಡೆ ಲೆಕ್ಕ ಇಲ್ಲಿ ನಡೆಯಲ್ಲ. ಮೊದ್ಲು ಅವ್ರ ಕಾರ್ಡಿಯಾಲಜಿಸ್ಟ್‌ನ ಕೇಳಿ, ಇಷ್ಟು ಹತ್ತು, ಇಷ್ಟು ಇಳಿ ಅಂತ ಬಿಡಿಸಿ ಹೇಳಿ ಕೇಳಿ, ವಾಕಿಂಗ್ ಹೋಗ್ಬೋದಾ ಡಾಕ್ಟ್ರೇ ಅಂತ ಕೇಳಿದ್ರೆ ಹೋಗಿ ಅಂತಾನೇ ಹೇಳ್ತಾರೆ.

ವೀಸಾ: ಎರಡೂ ಷೆಂಗೆನ್ ದೇಶ (ಒಂದೇ ವೀಸಾ ನಡೆಯೋ ಯುರೋಪ್ ದೇಶಗಳ ಗುಂಪು), ಒಂದೇ ವೀಸಾ ಸಾಕು, ಸಿಂಗಲ್ ಎಂಟ್ರಿ ಆದ್ರೂ ಪರವಾಗಿಲ್ಲ, ನಡ್ಕೊಂಡು ದಾಟಿದ್ರೆ ಅದು ಎಕ್ಸಿಟ್ ಅಂತ ಲೆಕ್ಕ ಇಲ್ಲ. ಆದ್ರೆ ಒರಿಜಿನಲ್ ಪಾಸ್‌ಪೋರ್ಟ್ ಜೇಬಲ್ಲೇ ಇರ್ಲಿ. 2015ರಿಂದ ಫ್ರಾನ್ಸ್‌ನೋರು ಬಾರ್ಡರ್ ಚೆಕಿಂಗ್ ಮತ್ತೆ ಶುರು ಮಾಡಿದಾರೆ, ಫ್ರಾನ್ಸ್ ಕಡೆಯ ಗಡಿ ಊರು ಸೆರ್ಬೇರ್ ಸ್ಟೇಷನ್‌ನಲ್ಲಿ ಪೊಲೀಸರು ಟ್ರೈನ್ ಒಳಗೆ ಬಂದು ನಮ್ಮಂಥ ಬಣ್ಣದೋರನ್ನ ಮೊದ್ಲು ಕೇಳ್ತಾರೆ, ಇದು ನನ್ನ ಅನುಭವ. ಹೋಟೆಲ್ ಲಾಕರ್‌ನಲ್ಲಿಟ್ಟು ಫೋಟೋ ತೋರಿಸ್ತೀನಿ ಅಂದ್ರೆ ಅಲ್ಲಿ ಕೂರಿಸ್ಕೋತಾರೆ.


ಓದುಗ_ಮಲ್ಲೇಶ್ವರಂ:

ಒಂದು ವಿಷ್ಯ ಯಾರೂ ಹೇಳ್ಲಿಲ್ಲ. 165 ಮೀಟರ್‌ನ ಸುಲಭದ ಪಾಸ್ ಪಕ್ಕದಲ್ಲೇ ಇದ್ರೂ ಹೃದಯದ ಕಾಯಿಲೆ ಇದ್ದ ಬೆಂಜಮಿನ್ ಯಾಕೆ 540 ಹತ್ತಿದ?

ಯಾಕಂದ್ರೆ ಸುಲಭದ ದಾರೀಲಿ ಪೊಲೀಸರಿದ್ರು. ಅದಕ್ಕೂ ಮುಂಚೆ ಸೆರ್ಬೇರ್‌ನ ಸ್ಮಶಾನದ ಗೋಡೆ ಪಕ್ಕದಿಂದ ತಗ್ಗಿನ ದಾರಿ ಹಿಡಿದು ಜನ ದಾಟ್ತಿದ್ರು, 1940ರ ಸೆಪ್ಟೆಂಬರ್ ಹೊತ್ತಿಗೆ ಅಲ್ಲಿ ಕಾವಲು ಬಿಗಿಯಾಯ್ತು. ಆಗ ಬನ್ಯುಲ್ಸ್‌ನ ಮೇಯರ್ ವಿನ್ಸೆಂಟ್ ಅಜೇಮಾ ಅನ್ನೋರು ಲಿಸಾ ಫಿಟ್ಕೋ ಅನ್ನೋ ಹೆಣ್ಣುಮಗಳಿಗೆ ಒಳಗಿನ, ಎತ್ತರದ ದಾರಿ ತೋರಿಸಿಕೊಟ್ರು. ಆಕೆಯೂ ನಾಜಿಗಳಿಂದ ತಪ್ಪಿಸಿಕೊಂಡು ಬಂದಿದ್ದೋಳೇ. ಆಕೆ ಆ ದಾರೀಲಿ ಕರ್ಕೊಂಡು ಹೋದ ಮೊದಲ ಗುಂಪಲ್ಲೇ ಬೆಂಜಮಿನ್, ಹೆನ್ನಿ ಗುರ್ಲಾಂಡ್ ಅನ್ನೋ ಮಹಿಳೆ, ಆಕೆಯ ಮಗ ಇದ್ದಿದ್ದು. ಬೆಂಜಮಿನ್‌ಗೆ 48 ವರ್ಷ. ಹತ್ತು ನಿಮಿಷ ನಡಿಯೋದು, ಒಂದು ನಿಮಿಷ ನಿಲ್ಲೋದು, ಸುಸ್ತಾಗೋದಕ್ಕೆ ಮುಂಚೇನೇ ನಿಲ್ಲಬೇಕು, ಹಿಂಗೆ ಗಡಿಯಾರ ನೋಡ್ಕೊಂಡು ಹತ್ತಿದ ಅಂತ ಆಕೆ ಆಮೇಲೆ ಬರೆದಿದಾಳೆ. ಹಿಂದಿನ ದಿನ ದಾರಿ ನೋಡ್ಕೊಂಡು ಬರೋಣ ಅಂತ ಹೋದಾಗ, ವಾಪಸ್ ಬಂದು ಮತ್ತೆ ಹತ್ತೋ ಶಕ್ತಿ ನಂಗಿಲ್ಲ ಅಂತ ಅಲ್ಲೇ ಗುಡ್ಡದ ಮೇಲೆ ಒಬ್ಬನೇ ರಾತ್ರಿ ಕಳೆದ. ಕೈಯಲ್ಲೊಂದು ಭಾರದ ಕಪ್ಪು ಬ್ಯಾಗು, ಅದರಲ್ಲಿ ಹಸ್ತಪ್ರತಿ, ಅದು ಇವತ್ತಿನವರೆಗೂ ಸಿಕ್ಕಿಲ್ಲ.

ಅವನನ್ನ ಕೊಂದಿದ್ದು ಗುಡ್ಡ ಅಲ್ಲ. ಗುಡ್ಡ ದಾಟಿ ಪೋರ್ಟ್‌ಬೊ ತಲುಪಿದ. ಅಮೆರಿಕಾ ವೀಸಾ ಇತ್ತು, ಸ್ಪೇನ್ ದಾಟಿ ಹೋಗೋ ಟ್ರಾನ್ಸಿಟ್ ವೀಸಾನೂ ಇತ್ತು, ಇಲ್ಲದೇ ಇದ್ದಿದ್ದು ಫ್ರಾನ್ಸ್ ಬಿಡೋದಕ್ಕೆ ಎಕ್ಸಿಟ್ ವೀಸಾ. ಅದನ್ನ ಕೇಳೋಕೆ ಹೋಗೋದೇ ಅಪಾಯ, ಯಾಕಂದ್ರೆ ಸೋತ ಫ್ರಾನ್ಸ್ ಜರ್ಮನಿ ಜೊತೆ ಮಾಡ್ಕೊಂಡ ಕದನವಿರಾಮದ ಒಪ್ಪಂದದ 19ನೇ ಕಲಮಿನ ಪ್ರಕಾರ ಜರ್ಮನಿ ಕೇಳಿದ ಜರ್ಮನ್ನರನ್ನ ಫ್ರಾನ್ಸ್ ಹಿಡಿದುಕೊಡಬೇಕಿತ್ತು. ಸ್ಪೇನ್ ಪೊಲೀಸರು ನಾಳೆ ವಾಪಸ್ ಕಳಿಸ್ತೀವಿ ಅಂದ್ರು. ಆ ರಾತ್ರಿ ಹೋಟೆಲ್ ರೂಮಲ್ಲೇ ಪ್ರಾಣ ಹೋಯ್ತು, ಮಾರ್ಫಿನ್ ತಗೊಂಡ ಅಂತ ಜೊತೇಲಿದ್ದೋರು ಹೇಳಿದ್ರು. ಉಳಿದೋರನ್ನ ಆಮೇಲೆ ಮುಂದಕ್ಕೆ ಬಿಟ್ರು. ಊರಿನ ರಿಜಿಸ್ಟರ್‌ನಲ್ಲಿ ಹೆಸ್ರು ತಿರುಗಮುರುಗ ಆಗಿ ಬೆಂಜಮಿನ್ ವಾಲ್ಟರ್ ಅಂತ ಬಿತ್ತು, ಕ್ಯಾಥೊಲಿಕ್ ಸ್ಮಶಾನದಲ್ಲಿ ಐದು ವರ್ಷಕ್ಕೆ ಬಾಡಿಗೆಗೆ ಶವ ಇಡೋ ಒಂದು ಗೂಡು ಸಿಕ್ತು. ಕೆಲವೇ ತಿಂಗಳಲ್ಲಿ ಅವನ ಸ್ನೇಹಿತೆ, ಚಿಂತಕಿ ಹನ್ನಾ ಅರೆಂಟ್ ಅಲ್ಲಿಗೆ ಬಂದು ಹುಡುಕಿದ್ರೂ ಸಮಾಧಿ ಸಿಗ್ಲಿಲ್ಲ.

ಇನ್ನೊಂದು, ನೀವು ಸಣ್ಣದು ಅಂತ ಬಿಡ್ತಿರೋ ಆ ಬೆಲೀತ್ರೆಸ್ ಪಾಸ್‌ಗೆ ಅದರದ್ದೇ ಕಥೆ ಇದೆ. 1939ರ ಜನವರಿ ಕೊನೆಗೆ ಸ್ಪೇನ್ ಅಂತರ್ಯುದ್ಧದಲ್ಲಿ ಬಾರ್ಸಿಲೋನಾ ಜನರಲ್ ಫ್ರಾಂಕೋ ಕೈಗೆ ಬಿದ್ದ ಮೇಲೆ ಕೆಟಲೋನಿಯಾದ ಜನ ಉತ್ತರಕ್ಕೆ ಓಡಿದ್ರು. ಜನವರಿ 28ಕ್ಕೆ ಫ್ರಾನ್ಸ್ ಸಾಮಾನ್ಯ ಜನಕ್ಕೆ ಗಡಿ ತೆರೀತು, ಫೆಬ್ರವರಿ 5ಕ್ಕೆ ಸೋತ ಸೈನಿಕರಿಗೆ. ಎಲ್ಲಾ ಘಾಟಿಗಳಿಂದ ಸೇರಿ ಐದು ಲಕ್ಷದ ಹತ್ರ ಜನ, ಚಳಿ ಮಳೇಲಿ. ಆಂತೋನಿಯೊ ಮಚಾದೊ ಅನ್ನೋ ದೊಡ್ಡ ಕವಿ ಮುದಿ ತಾಯಿನ ಕರ್ಕೊಂಡು ಇದೇ ಪೋರ್ಟ್‌ಬೊ ಸೆರ್ಬೇರ್ ಮಾರ್ಗದಲ್ಲಿ ದಾಟಿದ್ದು, ಒಂದು ತಿಂಗಳೊಳಗೆ, ಫೆಬ್ರವರಿ 22ಕ್ಕೆ, ಪಕ್ಕದ ಕೊಲ್ಯೂರ್‌ನಲ್ಲಿ ತೀರಿಕೊಂಡ, ತಾಯಿ ಮೂರು ದಿನಕ್ಕೆ ಹೋದ್ರು. ಅಂದ್ರೆ 1939ರಲ್ಲಿ ದಕ್ಷಿಣದಿಂದ ಉತ್ತರಕ್ಕೆ, 1940ರಲ್ಲಿ ಉತ್ತರದಿಂದ ದಕ್ಷಿಣಕ್ಕೆ, ಅದೇ ಗುಡ್ಡ. ಹಾಗಾಗಿ ತಂದೆಯವರು ಬೆಲೀತ್ರೆಸ್‌ಗೆ ಹೋದ್ರೆ ಎರಡನೇ ದರ್ಜೆ ಟ್ರಿಪ್ ಅಂತ ಅನ್ಕೋಬೇಡಿ. ಮೇಲೆ ಹಳೇ ಕಸ್ಟಮ್ಸ್ ಕಟ್ಟಡ ಪಾಳು ಬಿದ್ದಿದೆ, ಪಕ್ಕದಲ್ಲಿ ಆ ದಿನಗಳ ಫೋಟೋಗಳನ್ನ ಹಾಕಿ ಸ್ಮಾರಕ ಮಾಡಿದಾರೆ. ನಾನಾದ್ರೆ ಅಲ್ಲಿಗೇ ಹೋಗ್ತೀನಿ.


ಗಿರಿನಗರ_ಹುಡುಗ:

ಓದುಗ ಸಾರ್ ನಿಮ್ಮ ಪೋಸ್ಟ್ ಅಪ್ಪಂಗೆ ಜೋರಾಗಿ ಓದಿ ಹೇಳಿದೆ. ಅವ್ರಿಗೆ ಅರ್ಧ ಮೊದ್ಲೇ ಗೊತ್ತಿತ್ತು, ಮಚಾದೊ ಹೆಸ್ರು ಬಂದ ತಕ್ಷಣ ಕೊಲ್ಯೂರ್‌ಗೂ ಹೋಗ್ಬೇಕು ಅಂತ ಲಿಸ್ಟ್‌ಗೆ ಸೇರಿಸ್ಬಿಟ್ರು 🤦 ಹತ್ತು ನಿಮಿಷ ನಡೆದು ಒಂದು ನಿಮಿಷ ನಿಂತ್ರೆ ಆಯ್ತಲ್ಲ, ಅವನಿಗಾಗಿದ್ದು ನಂಗ್ಯಾಕಾಗಲ್ಲ ಅಂತಿದಾರೆ. ಅಮ್ಮ ಅಡುಗೆಮನೆಯಿಂದಲೇ, ಅವನು ಸತ್ತ ಕಣ್ರೀ ಆಮೇಲೆ ಅಂದ್ರು. ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡಿದೀನಿ.

ಈಗ ನನ್ನ ಪ್ಲಾನ್: ನಾನು ಒಬ್ನೇ ಎತ್ತರದ ದಾರೀಲಿ, ಅಪ್ಪ ಟ್ರೈನಲ್ಲಿ ಪೋರ್ಟ್‌ಬೊ. ಟ್ರೈನ್ ವಿಚಾರ ಗೊತ್ತಿರೋರು ಹೇಳಿ. ಸೆಪ್ಟೆಂಬರ್ ವೆದರ್ ಹೆಂಗಿರುತ್ತೆ?


ಹಳೇ_ಮೀಟರ್‌ಗೇಜ್:

ಟ್ರೈನ್ ಅಂದ ತಕ್ಷಣ ಬಂದೆ 🙂 ಬಾರ್ಸಿಲೋನಾ ಸಾಂಟ್ಸ್‌ನಿಂದ ಆರ್11 ಅನ್ನೋ ರೀಜನಲ್ ಟ್ರೈನ್ ಪೋರ್ಟ್‌ಬೊಗೆ ಹೋಗುತ್ತೆ, ಎರಡೂವರೆ ಗಂಟೆ ಲೆಕ್ಕ ಇಟ್ಕೊಳಿ. ಅಲ್ಲಿಂದ ಬೆಲೀತ್ರೆಸ್ ಕೆಳಗಿನ ಸುರಂಗ ದಾಟಿದ್ರೆ ಸೆರ್ಬೇರ್, ಕೆಲವು ಟ್ರೈನ್ ಸೀದಾ ಸೆರ್ಬೇರ್‌ವರೆಗೂ ಹೋಗುತ್ತೆ. ಸೆರ್ಬೇರ್‌ನಲ್ಲಿ ಫ್ರೆಂಚ್ ಟ್ರೈನ್‌ಗೆ ಬದಲಾಯಿಸಿದ್ರೆ ಮುಂದಿನ ಸ್ಟಾಪೇ ಬನ್ಯುಲ್ಸ್. ಭಾನುವಾರ ಟ್ರೈನ್ ಕಮ್ಮಿ ಇರುತ್ತೆ, ಹೋಗೋ ಹಿಂದಿನ ದಿನ ಎರಡೂ ಕಡೆ ಟೈಮ್‌ಟೇಬಲ್ ನೋಡ್ಕೊಳಿ, ಸ್ಪೇನ್ ಆಪ್‌ನಲ್ಲಿ ಫ್ರಾನ್ಸ್ ಟ್ರೈನ್ ಕಾಣಲ್ಲ.

ನಿಮ್ಮ ತಂದೆಯವರು ಪೋರ್ಟ್‌ಬೊದಲ್ಲಿ ನಿಮಗೆ ಕಾಯೋವಾಗ ಸ್ಟೇಷನ್ನೇ ನೋಡ್ಲಿ. ಸಾವಿರ ಚಿಲ್ಲರೆ ಜನರ ಊರಿಗೆ ಮಹಾನಗರಕ್ಕಾಗೋ ಅಷ್ಟು ದೊಡ್ಡ ಕಬ್ಬಿಣದ ಚಾವಣಿ. ಕಾರಣ ಗೇಜ್. ಫ್ರಾನ್ಸ್ ಹಳಿ ಅಗಲ 1435 ಮಿಲಿಮೀಟರ್, ಸ್ಪೇನ್‌ದು 1668, ನಮ್ಮ ಬ್ರಾಡ್‌ಗೇಜ್ 1676, ಅಂದ್ರೆ ಸ್ಪೇನ್ ನಮಗೇ ಹತ್ತಿರ. 1878ರಲ್ಲಿ ಲೈನ್ ಸೇರಿದಾಗಿಂದ ಜನ, ಸಾಮಾನು ಎಲ್ಲಾ ಇಲ್ಲಿ ಇಳಿದು ಹತ್ತಬೇಕಿತ್ತು. ಬೆಂಗಳೂರು ಮೈಸೂರು ಲೈನ್ ಮೀಟರ್‌ಗೇಜ್ ಇದ್ದ ಕಾಲದಲ್ಲಿ ಓಡಾಡಿದೋರಿಗೆ ಇದು ಬಿಡಿಸಿ ಹೇಳ್ಬೇಕಿಲ್ಲ. ವೆಲೆನ್ಸಿಯಾದಿಂದ ಬರ್ತಿದ್ದ ಕಿತ್ತಳೆ ಹಣ್ಣನ್ನ ಸ್ಪೇನ್ ವ್ಯಾಗನ್‌ನಿಂದ ಫ್ರೆಂಚ್ ವ್ಯಾಗನ್‌ಗೆ ಬುಟ್ಟೀಲಿ ಹೊತ್ತು ಹಾಕ್ತಿದ್ದಿದ್ದು ಸೆರ್ಬೇರ್‌ನ ಹೆಂಗಸರು, 1906ರಲ್ಲಿ ಅವ್ರು ಕೂಲಿ ಜಾಸ್ತಿ ಮಾಡಿ ಅಂತ ಸ್ಟ್ರೈಕ್ ಮಾಡಿದ್ರು, ಹಳಿ ಮೇಲೆ ಮಲಗಿದ್ರು ಅಂತಾನೂ ಹೇಳ್ತಾರೆ. ಆಮೇಲೆ ಆಕ್ಸಲ್ ಬದಲಾಯಿಸೋ ಯಂತ್ರ ಬಂತು, ತನ್ನಷ್ಟಕ್ಕೆ ಚಕ್ರದ ಅಗಲ ಹೊಂದಿಸ್ಕೊಳೋ ತಾಲ್ಗೊ ರೈಲು 1969ರಲ್ಲಿ ಬಂತು. ಈಗ ಹೈಸ್ಪೀಡ್ ಟ್ರೈನ್ ಒಳನಾಡಿನ ಪೆರ್ತೂಸ್ ಸುರಂಗದಲ್ಲಿ ಹೋಗ್ಬಿಡುತ್ತೆ, ಎಂಟು ಕಿಲೋಮೀಟರ್ ಮೇಲಿನ ಸುರಂಗ ಅದು, ಈ ಎರಡೂ ಊರು ಖಾಲಿ ಖಾಲಿ. ಸೆರ್ಬೇರ್‌ನಲ್ಲಿ ಸ್ಟೇಷನ್ ಮೇಲ್ಗಡೆ ಹಡಗಿನಾಕಾರದ ಒಂದು ಹಳೇ ಹೋಟೆಲ್ ಕಟ್ಟಡ ಇದೆ, ಟ್ರೈನ್ ಕಾಯೋರಿಗೋಸ್ಕರ ಕಟ್ಟಿದ್ದು, ಕಿಟಕಿಯಿಂದಲೇ ಕಾಣುತ್ತೆ ತಪ್ಪಿಸ್ಕೋಬೇಡಿ.


ಶಾಲ್ಮಲಾ:

ನಾನು ಓದೋವಾಗ ಅಲ್ಲೇ ಹತ್ರದ ಫ್ರಾನ್ಸ್ ಊರು ಪೆರ್ಪಿನ್ಯಾನ್‌ನಲ್ಲಿದ್ದೆ, ಆ ಕಡೆ ಜನಕ್ಕೆ ಎರಡೇ ಭಯ, ಗಾಳಿ ಮತ್ತೆ ಬೆಂಕಿ. ಗಾಳಿ ಅಂದ್ರೆ ಟ್ರಾಮೊಂಟಾನಾ, ಉತ್ತರದಿಂದ ಬೆಟ್ಟದ ಸಾಲಿನ ಕೊನೇಲಿ ನುಗ್ಗಿ ಬರುತ್ತೆ, ಗಂಟೆಗೆ 100 ಕಿಲೋಮೀಟರ್ ದಾಟೋದು ಅಪರೂಪ ಏನಲ್ಲ, ಆಕಾಶ ಮಾತ್ರ ನೀಲಿ ಇರುತ್ತೆ, ಅದಕ್ಕೇ ಹೊಸಬರು ಮೋಸ ಹೋಗೋದು. ಬೆಂಗಳೂರಲ್ಲಿ ಗಾಳಿ ಅಂದ್ರೆ ಮಳೆ ಬರುತ್ತೆ ಅಂತ ಗೊತ್ತಾಗುತ್ತೆ, ಅಲ್ಲಿ ಮೋಡವೇ ಇಲ್ದೆ ಮೂರು ದಿನ ಬೀಸುತ್ತೆ. ಅಂಥ ದಿನ ಸಾಲಿನ ಮೇಲೆ ನಿಲ್ಲೋಕಾಗಲ್ಲ, ಪ್ಲಾನ್ ಬಿಟ್ಟು ಊರಲ್ಲಿ ಕೂತು ಕಾಫಿ ಕುಡೀರಿ.

ಬೆಂಕಿ ಇನ್ನೂ ಸೀರಿಯಸ್. ನಮ್ಗೆ ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ಅಲ್ಲಿ ಬೇಸಿಗೇನೇ ಒಣ ಕಾಲ, ಗುಡ್ಡದ ಪೊದೆಗಳೆಲ್ಲಾ ಎಣ್ಣೆ ಅಂಶದ ಗಿಡ, ಕಡ್ಡಿ ಗೀರಿದ್ರೆ ಸಾಕು, ಅದರ ಮೇಲೆ ಈ ಗಾಳಿ. 2012ರ ಜುಲೈ 22ಕ್ಕೆ ಪೋರ್ಟ್‌ಬೊ ಹತ್ರದ ತಿರುವು ರೋಡಲ್ಲಿ ಬೆಂಕಿ ಬಂದು ಕಾರುಗಳು ಸಿಕ್ಕಾಕ್ಕೊಂಡು ಜನ ಕಡಿದಾದ ಬಂಡೆ ಇಳಿದು ಸಮುದ್ರದ ಕಡೆ ಓಡಿದ್ರು, ಒಬ್ಬ ತಂದೆ ಮತ್ತೆ ಮಗಳು ಸತ್ತುಹೋದ್ರು. 2023ರಲ್ಲಿ ಏಪ್ರಿಲ್‌ನಲ್ಲೇ, ಬೇಸಿಗೆ ಬರೋ ಮುಂಚೇನೇ, ಸೆರ್ಬೇರ್ ಕಡೆ ಹತ್ತಿದ ಬೆಂಕಿ ಗಡಿ ದಾಟಿ ಪೋರ್ಟ್‌ಬೊವರೆಗೂ ಬಂತು. ಫ್ರಾನ್ಸ್‌ನಲ್ಲಿ ಬೇಸಿಗೇಲಿ ಆಯಾ ದಿನದ ಬೆಂಕಿ ಅಪಾಯದ ಮ್ಯಾಪ್ ಹಾಕ್ತಾರೆ, ಅಪಾಯ ಜಾಸ್ತಿ ಇದ್ರೆ ಗುಡ್ಡಕ್ಕೆ ಹೋಗೋದೇ ಬಂದ್. ಸೆಪ್ಟೆಂಬರ್ ಕೊನೇಲಿ ಬಿಸಿಲು ಇಳಿದಿರುತ್ತೆ, ಆದ್ರೂ ಹಿಂದಿನ ಸಂಜೆ ಚೆಕ್ ಮಾಡಿ, ಬನ್ಯುಲ್ಸ್ ಟೂರಿಸ್ಟ್ ಆಫೀಸಲ್ಲಿ ಕೇಳಿದ್ರೂ ಹೇಳ್ತಾರೆ, ದಾರಿ ಮ್ಯಾಪೂ ಅಲ್ಲೇ ಇಸ್ಕೊಳಿ.

ಆಮೇಲೆ ಬನ್ಯುಲ್ಸ್ ಪಾಸ್ ಅಂತ ಮೂರನೇದೊಂದು ಇದೆ, ಇನ್ನೂ ಒಳಗೆ, 360 ಮೀಟರ್ ಹತ್ರ, ಎಸ್ಪೋಲ್ಯಾ ಅನ್ನೋ ಹಳ್ಳಿಗೆ ಇಳಿಯುತ್ತೆ. ಮ್ಯಾಪಲ್ಲಿ ಹೆಸ್ರು ನೋಡಿ ಅದನ್ನೇ ಬೆಂಜಮಿನ್ ದಾರಿ ಅಂತ ಹಿಡಿದುಬಿಡ್ಬೇಡಿ, ಅಲ್ಲಿಂದ ಪೋರ್ಟ್‌ಬೊ ಎಲ್ಲೋ ದೂರ. 2021ರ ಜನವರೀಲಿ ಫ್ರಾನ್ಸ್ ಸರ್ಕಾರ ಭದ್ರತೆ ಕಾರಣ ಹೇಳಿ ಅದಕ್ಕೆ ಬಂಡೆಗಲ್ಲು ಅಡ್ಡ ಹಾಕಿ ಮುಚ್ತು. ಎರಡೂ ಕಡೆ ನೆಂಟಸ್ತಿಕೆ, ತೋಟ ಇರೋ ಜನ, ಅವ್ರೇ ಬಂದು ಬಂಡೆ ಸರಿಸೋರು, ಸರ್ಕಾರ ಮತ್ತೆ ತಂದು ಹಾಕೋದು, ಇದು 2024ರವರೆಗೂ ನಡೀತು, ಆಮೇಲೆ ತೆರೆದ್ರು. ಷೆಂಗೆನ್ ಅಂತ ದೊಡ್ಡದಾಗಿ ಹೇಳ್ತೀವಿ, ಒಂದು ಲೇನ್ ಹಳ್ಳಿ ರೋಡಿಗೆ ಮೂರು ವರ್ಷ ಜಗಳ.


ಮೆಜೆಸ್ಟಿಕ್_ಮಂಜ:

ನಾನು ತಮಾಷೆಗೆ ಹೇಳಿದ್ದು, ಈಗ ಇಷ್ಟೆಲ್ಲಾ ಓದಿ ನಂಗೇ ಹೋಗ್ಬೇಕು ಅನ್ಸ್ತಿದೆ. ಅಂಕಲ್‌ಗೆ ನೋಡೋಕೆ ಪೋರ್ಟ್‌ಬೊದಲ್ಲಿ ಏನಿದೆ, ಬರೀ ಸ್ಟೇಷನ್ನಾ?


ಚಾರಣ_ಚಪಲ:

ಸ್ಮಶಾನದ ಬಾಗಿಲ ಹತ್ರ ಬೆಂಜಮಿನ್ ಸ್ಮಾರಕ ಇದೆಯಲ್ಲ. ದಾನಿ ಕಾರವಾನ್ ಅನ್ನೋ ಇಸ್ರೇಲಿ ಶಿಲ್ಪಿ ಮಾಡಿದ್ದು, 1994ರಲ್ಲಿ ಓಪನ್ ಆಯ್ತು. ತುಕ್ಕು ಹಿಡಿದ ಉಕ್ಕಿನ ಇಕ್ಕಟ್ಟಾದ ಓಣಿ, ಒಳಗೆ ಮೆಟ್ಟಿಲು ಸೀದಾ ಸಮುದ್ರದ ಕಡೆ ಇಳಿಯುತ್ತೆ, ಕೊನೇಲಿ ಗಾಜು ಅಡ್ಡ ಇದೆ, ಅದರಾಚೆ ಅಲೆ ಬಂಡೆಗೆ ಬಡಿಯೋದು ಕಾಣುತ್ತೆ. ಇಳಿದಷ್ಟೇ ವಾಪಸ್ ಹತ್ತಬೇಕು ಅನ್ನೋದು ತಂದೆಯವರಿಗೆ ಹೇಳಿರಿ. ಊರಿಂದ ಸ್ಮಶಾನಕ್ಕೂ ಏರು ಇದೆ, ನಿಧಾನಕ್ಕೆ ಹೋದ್ರೆ ಆಗುತ್ತೆ. ಬೆಲೀತ್ರೆಸ್‌ಗೆ ಮಾತ್ರ ಟ್ಯಾಕ್ಸಿ ಮಾಡ್ಕೊಳಿ, ರೋಡಲ್ಲಿ ಫುಟ್‌ಪಾತ್ ಇಲ್ಲ, ತಿರುವಿಗೊಂದು ಬೈಕ್ ಬರುತ್ತೆ. ಅಷ್ಟು ಸಣ್ಣ ಊರಲ್ಲಿ ಟ್ಯಾಕ್ಸಿ ಥಟ್ಟಂತ ಸಿಗಲ್ಲ, ಉಳ್ಕೊಳೋ ಕಡೆ ಹಿಂದಿನ ದಿನವೇ ಹೇಳಿಡಿ.


ಗಿರಿನಗರ_ಹುಡುಗ:

ಅಪ್ಡೇಟ್: ಡಾಕ್ಟ್ರು ಬೆಟ್ಟದ ದಾರಿ ಬೇಡ ಅಂದ್ರು, ಸ್ಮಾರಕ ಮತ್ತೆ ಬೆಲೀತ್ರೆಸ್ ಓಕೆ. ಅಪ್ಪ ಒಂದು ದಿನ ಮಾತಾಡ್ಲಿಲ್ಲ, ಈಗ ಒಂದು ಕಂಡಿಷನ್ ಮೇಲೆ ಒಪ್ಪಿದಾರೆ, ಬನ್ಯುಲ್ಸ್‌ಗೂ ಬರ್ತಾರಂತೆ, ಪುಯ್ಗ್ ದೆಲ್ ಮಾಸ್ ದಾಟಿ ಮೊದಲ ದ್ರಾಕ್ಷಿ ತೋಟದವರೆಗೂ ನನ್ ಜೊತೆ ನಡೀತಾರಂತೆ, ಅಲ್ಲಿಂದ ವಾಪಸ್ ಬಂದು ಟ್ರೈನ್ ಹತ್ತುತಾರೆ. ಶುಕ್ರವಾರ ರಜೆ ಹಾಕಿ ಹೋಗ್ತಿದೀವಿ, ಶಾಲ್ಮಲಾ ಮೇಡಂ ಹೇಳಿದ ಹಾಗೆ ಗಾಳಿ ಇದ್ರೆ ಶನಿವಾರಕ್ಕೆ ತಳ್ಳೋಕೆ ಜಾಗ ಇರ್ಲಿ ಅಂತ. ಲಾಸ್ಟ್ ಡೌಟ್, ಅಪ್ಪ ಪಕ್ಕಾ ವೆಜ್, ಮೊಟ್ಟೇನೂ ಇಲ್ಲ. ಆ ಊರುಗಳಲ್ಲಿ ಊಟಕ್ಕೆ ಏನ್ಮಾಡೋದು, ಚಪಾತಿ ಚಟ್ನಿಪುಡಿ ಕಟ್ಕೊಂಡ್ ಹೋಗ್ಬೇಕಾ?


ಶಾಲ್ಮಲಾ:

ಚಟ್ನಿಪುಡಿ ಹೇಗೂ ತಗೊಂಡ್ ಹೋಗಿ, ಆದ್ರೆ ಉಪವಾಸ ಏನ್ ಬೀಳಲ್ಲ. ಬ್ರೆಡ್ಡಿಗೆ ಟೊಮ್ಯಾಟೊ ಉಜ್ಜಿ ಎಣ್ಣೆ ಉಪ್ಪು ಹಾಕಿಕೊಡೋದು ಎಲ್ಲಾ ಕಡೆ ಸಿಗುತ್ತೆ. ಎಸ್ಕಲಿವಾದಾ ಅಂತ ಕೇಳಿ, ಬದನೆಕಾಯಿ, ಕ್ಯಾಪ್ಸಿಕಂ, ಈರುಳ್ಳಿ ಕೆಂಡದಲ್ಲಿ ಸುಟ್ಟು ಸಿಪ್ಪೆ ತೆಗೆದು ಎಣ್ಣೆ ಹಾಕಿರ್ತಾರೆ, ನಮ್ಮೋರಿಗೆ ಇಷ್ಟ ಆಗುತ್ತೆ. ಒಂದೇ ಜಾಗ್ರತೆ, ಆ ಕರಾವಳಿ ಪೂರ್ತಿ ಆಂಚೊವಿ ಮೀನಿಗೆ ಫೇಮಸ್ಸು, ಅಲಂಕಾರಕ್ಕೆ ಅಂತ ಅದನ್ನ ಎಸ್ಕಲಿವಾದಾ ಮೇಲೂ ಎರಡು ಇಟ್ಟುಬಿಡ್ತಾರೆ, ನಾನು ವೆಜಿಟೇರಿಯನ್ ಅಂದ್ರೂ ಇಡ್ತಾರೆ. ಆರ್ಡರ್ ಮಾಡೋವಾಗ್ಲೇ ಸಿನ್ ಅಂಚೋವಾಸ್ ಅಂತ ಹೇಳಿ, ಎರಡು ಸಲ ಹೇಳಿ.